ಫಿನ್ಲೆಂಡಿನಲ್ಲಿ ಫ್ಲಾಶ್ ಇಲ್ಲದ ಒಂದು ಧಾರೆ

ಶ್ರೀನಿವಾಸಪುರ, ಹೊರಡುವ ಮುಂಚೆ

ನನ್ನ ಕ್ಯಾಮೆರಾದ ಬೆನ್ನಿಗೆ ಒಂದು ಚೂರು ಬಿಳಿ ಟೇಪು ಅಂಟಿಸಿತ್ತು. ಅದರ ಮೇಲೆ ನಮ್ಮ ಮನೆ ಯಜಮಾನರ ಕೈಬರಹದಲ್ಲಿ ಮೂರು ಸಂಖ್ಯೆಗಳು: 125, 5.6, 400. ಅವರು ಫ್ಲೆಕ್ಸ್ ಪ್ರಿಂಟಿಂಗ್ ಕಡೆ ತಿರುಗಿಕೊಂಡು, ಸ್ಟುಡಿಯೊ ಮತ್ತು ಮದುವೆ ಆರ್ಡರುಗಳನ್ನು ನನ್ನ ತಲೆಗೆ ಕಟ್ಟಿದಾಗ ಹೇಳಿಕೊಟ್ಟ ಪಾಠ ಇಷ್ಟೇ: "ಈ ಮೂರು ಮುಟ್ಬೇಡ. ಫ್ಲಾಶ್ ಹಾಕು, ಒತ್ತು. ಹೊರಗೆ ಬಿಸಿಲಿದ್ರೆ ಆಟೊ. ಮಿಕ್ಕಿದ್ದು ಕ್ಯಾಮೆರಾ ನೋಡ್ಕೊಳ್ತದೆ."

ನಾನು ಮುಟ್ಟಲಿಲ್ಲ. ಕೋಲಾರ, ಮಾಲೂರು, ಮುಳಬಾಗಿಲು, ಎಲ್ಲಿಯ ಕಲ್ಯಾಣ ಮಂಟಪಕ್ಕೆ ಹೋದರೂ ವಿಡಿಯೊದವನ ದೊಡ್ಡ ಲೈಟು ಮದುಮಕ್ಕಳ ಕಣ್ಣು ಕುಕ್ಕುತ್ತಿರುತ್ತದೆ. ಅದರ ಮೇಲೆ ನನ್ನ ಫ್ಲಾಶ್ ಬೇರೆ. ಬೆಳಕು ಎಲ್ಲಿಂದ ಬರುತ್ತಿದೆ, ಎಷ್ಟು ಬರುತ್ತಿದೆ ಎಂದು ಕೇಳುವ ಪ್ರಮೇಯವೇ ಇರಲಿಲ್ಲ. ಹೀಗೆ ನೂರಾರು ಮದುವೆ ತೆಗೆದೆ. ಊರಿನಲ್ಲಿ ನನಗೆ 'ಸ್ಟುಡಿಯೊ ಶಾರದಮ್ಮ' ಎಂಬ ಹೆಸರೂ ಬಂತು.

ಒಂದೇ ಒಂದು ಸಲ ಕೆಟ್ಟಿತು. ಕೆಟ್ಟಿದ್ದು ಎಲ್ಲೋ ಅಲ್ಲ, ನನ್ನ ಗೆಳತಿ ರತ್ನಳ ದೊಡ್ಡ ಮಗಳ ಮದುವೆಯಲ್ಲಿ. ರತ್ನ ಮತ್ತು ನಾನು ಟೇಕಲ್ಲಿನ ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತವರು. ಅವಳನ್ನು ಮಾಸ್ತಿಗೆ ಕೊಟ್ಟರು, ನನ್ನನ್ನು ಶ್ರೀನಿವಾಸಪುರಕ್ಕೆ. ಹನ್ನೊಂದು ವರ್ಷದ ಹಿಂದೆ ಮಾಲೂರಿನ ಮಂಟಪದಲ್ಲಿ ಅವಳ ಗಂಡ ನಾರಾಯಣಪ್ಪನವರು ಮಗಳ ಕೈಮೇಲೆ ಧಾರೆ ಹಾಲು ಎರೆಯುವ ಹೊತ್ತಿಗೆ ನೆಂಟರ ನೂಕುನುಗ್ಗಲಿನಲ್ಲಿ ಯಾರದೋ ಮೊಣಕೈ ತಗಲಿ ನನ್ನ ಕ್ಯಾಮೆರಾದ ಚಕ್ರ ತಿರುಗಿಬಿಟ್ಟಿತು. 5.6 ಇರಬೇಕಾದಲ್ಲಿ 22 ಆಗಿತ್ತು. ಫೋಟೊಗಳೆಲ್ಲ ಕಪ್ಪು. ನಾನು ಫ್ಲಾಶನ್ನು ತಟ್ಟಿದೆ, ಬ್ಯಾಟರಿ ಬದಲಾಯಿಸಿದೆ. ಆ ಚಕ್ರದ ಕಡೆ ನನ್ನ ಬುದ್ಧಿ ಓಡಲೇ ಇಲ್ಲ. ಸಂಖ್ಯೆ ಬದಲಾದದ್ದು ಕಣ್ಣಿಗೆ ಬೀಳುವಷ್ಟರಲ್ಲಿ ಹಾಲು ಎರೆದಾಗಿತ್ತು, ಅಕ್ಷತೆ ಬಿದ್ದಾಗಿತ್ತು.

"ಫ್ಲಾಶ್ ಕೈಕೊಡ್ತು ಕಣೇ, ಒಂದೂ ಬಂದಿಲ್ಲ" ಎಂದು ರತ್ನಳಿಗೆ ಹೇಳಿದೆ. ಯಜಮಾನರಿಗೂ ಅದನ್ನೇ ಹೇಳಿದೆ. ಫೋಟೊಗಳನ್ನು ಅಳಿಸುವ ಧೈರ್ಯ ಬರದೆ, ಸ್ಟುಡಿಯೊ ಕಂಪ್ಯೂಟರಿನಲ್ಲಿ 'ಹಳೇ ಫ್ಲೆಕ್ಸ್' ಎಂಬ ಫೋಲ್ಡರಿನೊಳಗೆ ತುರುಕಿಟ್ಟೆ. ಮೂರು ವರ್ಷಕ್ಕೆ ನಾರಾಯಣಪ್ಪನವರು ಎದೆನೋವಿನಿಂದ ತೀರಿಕೊಂಡರು. ರತ್ನ ಒಂದು ದಿನವೂ ಆ ಫೋಟೊದ ಮಾತೆತ್ತಲಿಲ್ಲ. ಎತ್ತಿ ಬೈದಿದ್ದರೆ ನನಗೆ ನಿದ್ದೆಯಾದರೂ ಬರುತ್ತಿತ್ತು.

ಅವಳ ಚಿಕ್ಕ ಮಗಳು ಮಮತಾ ನರ್ಸು. ಫಿನ್ಲೆಂಡಿನ ಒಂದು ಸಣ್ಣ ಊರಿನಲ್ಲಿ ವೃದ್ಧರ ಆರೈಕೆ ಮನೆಯೊಂದರಲ್ಲಿ ಕೆಲಸ. ಅಲ್ಲಿಯ ಅಡುಗೆಮನೆಯ ಮಿಕ್ಕೊ ಎಂಬ ಹುಡುಗನನ್ನು ಮೆಚ್ಚಿಕೊಂಡಳು. ಗಂಡು ಅಡುಗೆ ಮಾಡುತ್ತಾನೆ ಎಂದು ಕೇಳಿಯೇ ರತ್ನ ಅರ್ಧ ಒಪ್ಪಿದ್ದಳು. ಹುಡುಗ ಊರಿಗೆ ಬಂದು ಒಂದು ವಾರ ಮುದ್ದೆ ತಿಂದು ಹೋದ ಮೇಲೆ ಪೂರ್ತಿ ಒಪ್ಪಿದಳು. ಆಮೇಲೆ ನನಗೆ ಫೋನ್ ಮಾಡಿದಳು.

"ಮದ್ವೆ ಅಲ್ಲೇ ಅಂತೆ. ನೀನೇ ಬರ್ಬೇಕು ಕಣೇ ಶಾರ್ದಿ. ಇವಳ ಧಾರೆ ಫೋಟೊ ಒಂದು ನಂಗೆ ಬೇಕೇ ಬೇಕು."

ನಾನು ಏನೇನೋ ನೆಪ ಹೇಳಿದೆ. ಮಂಡಿನೋವು, ಚಳಿ, ಸ್ಟುಡಿಯೊ. ಅವಳು ಕೇಳಲಿಲ್ಲ.

ಹೆಲ್ಸಿಂಕಿ, ಮತ್ತು ಮಾತಿಲ್ಲದ ರೈಲು

ಆಂಧ್ರದ ಗಡಿಗೆ ಅಂಟಿಕೊಂಡ ನಮ್ಮ ಕಡೆಯವರಿಗೆ ಒಂದು ಅಭ್ಯಾಸವಿದೆ. ಎದುರಿನವರಿಗೆ ಕನ್ನಡ ತಿಳಿಯಲಿಲ್ಲವೆಂದರೆ ಯೋಚನೆಯೇ ಮಾಡದೆ ತೆಲುಗಿಗೆ ಹಾರುತ್ತೇವೆ. ಎರಡರಲ್ಲಿ ಒಂದಾದರೂ ಲೋಕದ ಎಲ್ಲರಿಗೂ ಬರುತ್ತದೆ ಎಂದು ರತ್ನ ಇಂದಿಗೂ ನಂಬಿದ್ದಾಳೆ. ಹೆಲ್ಸಿಂಕಿಯ ವಿಮಾನ ನಿಲ್ದಾಣದಲ್ಲಿ ಪಾಸ್‌ಪೋರ್ಟ್ ನೋಡುವ ಅಧಿಕಾರಿ ಏಕೆ ಬಂದಿರಿ ಎಂದು ಇಂಗ್ಲಿಷಿನಲ್ಲಿ ಕೇಳಿದ. "ಮಗಳ ಮದ್ವೆ" ಎಂದಳು ರತ್ನ. ಅವನು ಹುಬ್ಬೇರಿಸಿದ. ತಕ್ಷಣ ಇವಳು ದನಿ ಏರಿಸಿ, "ಮಾ ಅಮ್ಮಾಯಿ ಪೆಂಡ್ಲಿ ಸಾಮಿ, ಪೆಂಡ್ಲಿ!" ಎಂದು ಎರಡು ಕೈಯಿಂದ ತಾಳಿ ಕಟ್ಟುವಂತೆ ತೋರಿಸಿದಳು. ಹಿಂದಿನ ಸಾಲೆಲ್ಲ ನಕ್ಕಿತು. ಅಧಿಕಾರಿಯೂ ನಕ್ಕು ಮುದ್ರೆ ಒತ್ತಿದ. ಹೊರಗೆ ಬಂದು, "ನೋಡ್ದಾ, ತೆಲುಗು ಬರ್ತದೆ ಅವ್ನಿಗೆ" ಎಂದಳು.

ಅಲ್ಲಿಂದ ಮೂರು ಗಂಟೆಯ ರೈಲು ಪ್ರಯಾಣ. ಬೋಗಿ ತುಂಬ ಜನ, ಒಬ್ಬರೂ ಮಾತಾಡುವುದಿಲ್ಲ. ನಮ್ಮ ಮಾಲೂರಿನಿಂದ ಬೆಂಗಳೂರಿಗೆ ಹೋಗುವ ಬೆಳಗಿನ ರೈಲಿನಲ್ಲಿ ವೈಟ್‌ಫೀಲ್ಡ್ ಬರುವಷ್ಟರಲ್ಲಿ ಪಕ್ಕದವರ ಬಿಪಿ, ಶುಗರ್, ಸೊಸೆಯ ಗುಣ ಎಲ್ಲ ತಿಳಿದಿರುತ್ತದೆ. ಇಲ್ಲಿ ರತ್ನ ಚಕ್ಕುಲಿ ಕಡಿದ ಸದ್ದಿಗೆ ನಾಲ್ಕು ಜನ ತಿರುಗಿ ನೋಡಿದರು. ಅವಳು ಉಳಿದ ಚಕ್ಕುಲಿಯನ್ನು ಬಾಯಲ್ಲೇ ನೆನೆಸಿ ನೆನೆಸಿ ತಿಂದಳು. ಕಿಟಕಿಯಾಚೆ ಮಧ್ಯಾಹ್ನ ಎರಡೂವರೆಗೆಲ್ಲ ಬಿಸಿಲು ಸೊರಗುತ್ತಿತ್ತು. ನಾನು ಅದನ್ನು ನೋಡುತ್ತಾ, ಬ್ಯಾಗಿನಲ್ಲಿ ಎರಡು ಫ್ಲಾಶ್, ಹನ್ನೆರಡು ಬ್ಯಾಟರಿ ಇದೆಯಲ್ಲ ಎಂದು ಸಮಾಧಾನ ಮಾಡಿಕೊಂಡೆ.

ಮೊದಲ ದಿನ: ಬೂದಿಯಾದ ಹಿಮ

ಬೆಳಗಾಗುವುದನ್ನೇ ಕಾದು ಕಾದು ಕೊನೆಗೆ ಬೆಳಗಾದ ಮೇಲೆ ಹೊರಗೆ ಬಂದೆವು. ನೆಲ, ಮರ, ಚಾವಣಿ ಎಲ್ಲವೂ ಅಚ್ಚಬಿಳಿ. ರತ್ನ ರೇಷ್ಮೆ ಸೀರೆಯ ಮೇಲೆ ಮಗಳ ದಪ್ಪ ಕೋಟು ಹಾಕಿಕೊಂಡು ಹಿಮದಲ್ಲಿ ನಿಂತಳು. ಆಟೊದಲ್ಲಿಟ್ಟು ತೆಗೆದೆ. ತೆರೆಯ ಮೇಲೆ ನೋಡಿದರೆ ಹಿಮವೆಲ್ಲ ಒಲೆಯ ಬೂದಿಯ ಬಣ್ಣ, ರತ್ನಳ ಮುಖ ಮಸಿ.

"ಇದೇನೇ, ಸುಟ್ಟ ಗದ್ದೇಲಿ ನಿಂತಂಗೆ ಐತೆ" ಎಂದಳು.

ಇನ್ನೂ ಐದಾರು ತೆಗೆದೆ. ಎಲ್ಲವೂ ಬೂದಿಯೇ. ಚಳಿಗೆ ಕ್ಯಾಮೆರಾ ಕೆಟ್ಟಿತೆಂದು ಹೆದರಿ ಮಮತಾಳ ಆರೈಕೆ ಮನೆಯೊಳಗೆ ಓಡಿದೆ. ಬಾಗಿಲಲ್ಲೇ ಎಲ್ಲರೂ ಚಪ್ಪಲಿ, ಬೂಟು ಬಿಡುತ್ತಾರೆ, ನಮ್ಮ ಹಾಗೆಯೇ. ಅದೊಂದನ್ನು ಕಂಡು ಜೀವಕ್ಕೆ ಹಿತವಾಯಿತು. ಆದರೆ ಬೆಚ್ಚಗಿನ ಹಜಾರಕ್ಕೆ ಕಾಲಿಟ್ಟ ತಕ್ಷಣ ಲೆನ್ಸು ಮಂಜುಗಟ್ಟಿ ಬೆಳ್ಳಗಾಯಿತು. ಸೆರಗಿನಿಂದ ಒರೆಸಿದೆ. ಮತ್ತೆ ಮಂಜು. ಮತ್ತೆ ಒರೆಸಿದೆ. ಹಾಳಾಗಿ ಹೋಯಿತು, ಇಷ್ಟು ದೂರ ಬಂದು ಮತ್ತೆ ಅದೇ ಕತೆ ಎಂದು ಕಣ್ಣಲ್ಲಿ ನೀರೇ ಬಂತು.

ಆಗ ನಡಿಗೆಯ ಗಾಡಿ ತಳ್ಳಿಕೊಂಡು ಒಬ್ಬ ಮುದುಕರು ಬಂದರು. ತೊಂಬತ್ತರ ಹತ್ತಿರದ ವಯಸ್ಸು, ಎರಡೂ ಕಿವಿಗೆ ಕೇಳುವ ಯಂತ್ರ. ನನ್ನ ಕೈಯಿಂದ ಸೆರಗನ್ನು ಬಿಡಿಸಿ, ಬೇಡ ಎಂದು ತಲೆಯಾಡಿಸಿದರು. ಗಾಡಿಯ ಬುಟ್ಟಿಯಿಂದ ಒಂದು ಪ್ಲಾಸ್ಟಿಕ್ ಕವರು ತೆಗೆದು, ಕ್ಯಾಮೆರಾ ಅದರೊಳಗೆ ಹಾಕಿ ಬಾಯಿ ಬಿಗಿದು ಮೇಜಿನ ಮೇಲಿಟ್ಟರು. ಹೊರಗೇ ಕವರಿನಲ್ಲಿ ಹಾಕಿ, ಆಮೇಲೆ ಒಳಗೆ ತರಬೇಕು ಎಂಬುದನ್ನು ಕೈಸನ್ನೆಯಲ್ಲಿ ತೋರಿಸಿದರು. ಅರ್ಧ ಗಂಟೆಗೆ ಲೆನ್ಸು ತಿಳಿಯಾಯಿತು.

"ಇವರು ಎಯ್ನೊ ತಾತ" ಎಂದಳು ಮಮತಾ. "ಮೊದ್ಲು ಪತ್ರಿಕೆಗೆ ಫೋಟೊ ತೆಗೀತಿದ್ರು ಆಂಟಿ."

ಅವಳು ಮದುವೆಯನ್ನು ಆ ಮನೆಯ ಹಜಾರದಲ್ಲೇ ಇಟ್ಟುಕೊಂಡಿದ್ದಳು. ಅಲ್ಲಿರುವ ಅರ್ಧ ಜನ ಹೊರಗೆ ಬರಲಾರರು, ಅವರೆಲ್ಲ ನೋಡಬೇಕೆಂದು ಆಸೆ. ಅದನ್ನೆಲ್ಲ ಸಂಭ್ರಮದಿಂದ ಹೇಳಿದವಳು ಕೊನೆಗೆ ಸಂಕೋಚದಿಂದ ಹೇಳಿದಳು: "ಆಂಟಿ, ಫ್ಲಾಶ್ ಮಾತ್ರ ಹಾಕೋ ಹಾಗಿಲ್ಲ. ಇಬ್ಬರಿಗೆ ಫಿಟ್ಸ್ ಬರುತ್ತೆ. ಇನ್ನು ಕೆಲವರು ಫಕ್ಕನೆ ಬೆಳಕು ಕಂಡ್ರೆ ಗಾಬರಿ ಬಿದ್ದು ಅಳ್ತಾರೆ."

ಸುತ್ತ ನೋಡಿದೆ. ಹಜಾರದಲ್ಲಿ ಅಲ್ಲೊಂದು ಇಲ್ಲೊಂದು ಹಳದಿ ದೀಪ, ಕಿಟಕಿಗಳಲ್ಲಿ ಕಾಗದದ ನಕ್ಷತ್ರಗಳೊಳಗೆ ಸಣ್ಣ ಬಲ್ಬು, ಅಷ್ಟೇ. ಕಣ್ಣು ಕುಕ್ಕುವ ಟ್ಯೂಬ್‌ಲೈಟು ಆ ಜನಕ್ಕೆ ಆಗದಂತೆ. ಟೇಪಿನ ಮೇಲಿನ ಮೂರು ಸಂಖ್ಯೆ ಇಟ್ಟು, ಫ್ಲಾಶ್ ಇಲ್ಲದೆ ಒಂದು ತೆಗೆದೆ. ಕಪ್ಪು. ಮಾಲೂರಿನಲ್ಲಿ ಬಂದಿತ್ತಲ್ಲ, ಅದೇ ಕಪ್ಪು.

ಯಜಮಾನರಿಗೆ ಫೋನ್ ಮಾಡಿದೆ. "ಲೈಟ್‌ನವ್ನು ಯಾರಾದ್ರೂ ಸಿಗ್ತಾರಾ ನೋಡು" ಎಂದರು. ಲೈಟೇ ಬೇಡವಂತೆ ಎಂದೆ. "ಹಂಗಾದ್ರೆ ಐಎಸ್‌ಒ ಏರಿಸು, ಏನೋ ಒಂದ್ ಮಾಡು" ಎಂದು ಫ್ಲೆಕ್ಸ್ ಯಂತ್ರದ ಸದ್ದಿನಲ್ಲಿ ಕೂಗಿ ಇಟ್ಟುಬಿಟ್ಟರು.

ಎರಡನೆಯ ದಿನ: ಎಯ್ನೊ ಅವರ ಕಿಟಕಿ

ಮಾರನೆಯ ದಿನ ಮಮತಾಳನ್ನು ಜೊತೆಗೆ ಕರೆದುಕೊಂಡು ಎಯ್ನೊ ಅವರ ಕೋಣೆಗೆ ಹೋದೆ. ಹಣ್ಣು ಹಂಪಲಿನ ಬದಲು ರತ್ನಳ ಚಕ್ಕುಲಿ ಕೊಟ್ಟೆ. ಅವರು ಮೊದಲು ನನ್ನ ಹಿಮದ ಫೋಟೊಗಳನ್ನು ನೋಡಿ ಹಲ್ಲಿಲ್ಲದ ಬಾಯಿ ತುಂಬ ನಕ್ಕರು. ಮಮತಾ ಅನುವಾದಿಸಿದಳು.

"ಕ್ಯಾಮೆರಾಗೆ ಹಿಮ ಗೊತ್ತಿಲ್ಲ ಅಂತಾರೆ ಆಂಟಿ. ಅದಕ್ಕೆ ಬಿಳಿ ಕಂಡ್ರೂ ನಡುವಿನ ಬಣ್ಣ, ಕಪ್ಪು ಕಂಡ್ರೂ ನಡುವಿನ ಬಣ್ಣ. ಬಿಳಿ ಜಾಸ್ತಿ ಇದ್ರೆ ನೀವೇ ಅದಕ್ಕೆ ಹೇಳ್ಬೇಕು, ಇನ್ನೂ ಸ್ವಲ್ಪ ಬೆಳಕು ತಗೋ ಅಂತ. ಕಪ್ಪು ಜಾಸ್ತಿ ಇದ್ರೆ ಕಮ್ಮಿ ತಗೋ ಅಂತ."

ಗುಂಡಿ ಯಾವುದೆಂದು ತೋರಿಸಿದರು. ಒಂದೂವರೆಯಷ್ಟು ಏರಿಸಿ ಕಿಟಕಿಯಿಂದಲೇ ಹೊರಗಿನ ಹಿಮ ತೆಗೆದೆ. ಬೆಳ್ಳಗೆ ಬಂತು! ಇಷ್ಟು ವರ್ಷ ಆ ಗುಂಡಿ ನನ್ನ ಹೆಬ್ಬೆರಳಿನ ಕೆಳಗೇ ಇತ್ತು.

ಆಮೇಲೆ ಕ್ಯಾಮೆರಾದ ಬೆನ್ನಿನ ಟೇಪು ತೋರಿಸಿ, ಇದೇನು ಎಂದು ಕೇಳಿದರು. ನಾನು ನಾಚಿಕೆಯಿಂದ ವಿವರಿಸಿದೆ. ಅವರು ನಗಲಿಲ್ಲ. ಎದ್ದು ಕಿಟಕಿಯ ಪರದೆಯನ್ನು ಪೂರ್ತಿ ಎಳೆದರು, ಕೋಣೆ ಕತ್ತಲಾಯಿತು. ಒಂದು ಗೇಣು ಸರಿಸಿದರು, ಸ್ವಲ್ಪ ಬೆಳಕು. ಪೂರ್ತಿ ಸರಿಸಿದರು. ಒಂದು ಗೇಣು ತೆರೆದದ್ದು "5.6", ಪೂರ್ತಿ ತೆರೆದದ್ದು "2" ಎಂದು ಬೆರಳಲ್ಲಿ ತೋರಿಸಿದರು. ಸಂಖ್ಯೆ ಸಣ್ಣದಾದಷ್ಟೂ ಕಿಟಕಿ ದೊಡ್ಡದು. ಮಾಲೂರಿನ ಮಂಟಪದ 22 ಎಂದರೆ ಪರದೆಯ ನಡುವೆ ಒಂದು ಸೂಜಿ ತೂತು. ಅದು ಆ ಕ್ಷಣದಲ್ಲಿ ನನಗೆ ಅರ್ಥವಾಯಿತು. ಹನ್ನೊಂದು ವರ್ಷ ತಡವಾಗಿ.

ಶಟರಿಗೆ ಕಣ್ಣು ತೋರಿಸಿದರು. ಫಟ್ಟನೆ ತೆರೆದು ಮುಚ್ಚಿದರು. ಆಮೇಲೆ ನಿಧಾನ ತೆರೆದಿಟ್ಟುಕೊಂಡು, ಎದುರಿಗೆ ತಮ್ಮ ಕೈಯನ್ನೇ ಅಲುಗಿಸಿದರು. ಹೆಚ್ಚು ಹೊತ್ತು ತೆರೆದರೆ ಬೆಳಕು ಹೆಚ್ಚು, ಆದರೆ ಅಲುಗಿದ್ದು ಕಲಸಿಹೋಗುತ್ತದೆ. ಕೊನೆಯದು ಐಎಸ್‌ಒ. ಅದಕ್ಕೆ ಒಂದು ಕಿವಿಯ ಯಂತ್ರ ತೆಗೆದು ನನ್ನ ಕಿವಿಗೆ ಹಿಡಿದು, ಅದರ ಸಣ್ಣ ಗುಂಡಿ ತಿರುಗಿಸಿದರು. ಪಕ್ಕದ ಕೋಣೆಯ ಮಾತು ಜೋರಾಗಿ ಕೇಳಿತು, ಜೊತೆಗೆ ಸೊಂಯ್ ಎಂಬ ಸದ್ದೂ ಕೇಳಿತು. ಐಎಸ್‌ಒ ಏರಿಸಿದರೆ ಕತ್ತಲಲ್ಲೂ ಕಾಣುತ್ತದೆ, ಆದರೆ ಫೋಟೊದ ಮೇಲೆ ರಾಗಿ ಚೆಲ್ಲಿದ ಹಾಗೆ ಚುಕ್ಕೆ ಬೀಳುತ್ತದೆ. ಪತ್ರಿಕೆಯವರು ಚುಕ್ಕೆಗೆ ಹೆದರುವುದಿಲ್ಲ ಎಂದು ಹೇಳಿ ಯಂತ್ರವನ್ನು ಕಿವಿಗೆ ಸಿಕ್ಕಿಸಿಕೊಂಡರು.

ನನ್ನ ಬ್ಯಾಗು ತಡಕಾಡಿ, ಯಜಮಾನರು ಎಂದೋ ತಂದು ನಾನು ಎಂದೂ ಹಾಕದ ಒಂದು ಗಿಡ್ಡ ಲೆನ್ಸು ಎತ್ತಿದರು. ಅದರ ಕಿಟಕಿ 1.8ರವರೆಗೆ ತೆರೆಯುತ್ತದಂತೆ. ಅದನ್ನು ಹಾಕಿಕೊಂಡು ಆ ದಿನವೆಲ್ಲ ಹಜಾರದಲ್ಲಿ ಅಭ್ಯಾಸ ಮಾಡಿದೆ. ಸ್ವೆಟರು ಹೆಣೆಯುವ ಅಜ್ಜಿ, ಕಾಫಿ ಲೋಟ, ಬೆಕ್ಕು. ಕಿಟಕಿ ಪೂರ್ತಿ ತೆರೆದರೆ ಒಂದೇ ದೂರದ್ದು ಸ್ಪಷ್ಟ, ಅದರ ಹಿಂದೆ ಮುಂದೆ ಇದ್ದದ್ದೆಲ್ಲ ಮಸುಕು. ಬಂದದ್ದಕ್ಕಿಂತ ಕೆಟ್ಟದ್ದೇ ಹೆಚ್ಚು. ಒಂದು ಪೂರ್ತಿ ಕಪ್ಪಾಗಿತ್ತು. ಅಳಿಸಲು ಹೋದೆ. ಎಯ್ನೊ ಗಬಕ್ಕನೆ ನನ್ನ ಬೆರಳು ಹಿಡಿದುಕೊಂಡರು.

"ಕಪ್ಪಂದ್ರೆ ಬೆಳಕೇ ಬಂದಿಲ್ಲ ಅಂತಲ್ಲವಂತೆ ಆಂಟಿ, ಕಮ್ಮಿ ಬಂದಿದೆ ಅಷ್ಟೆ" ಎಂದಳು ಮಮತಾ. "ಕ್ಯಾಮೆರಾ ಕಂಡಿದ್ದನ್ನೆಲ್ಲ ಇಟ್ಕೊಳ್ಳೋ ದೊಡ್ಡ ಫೈಲು ಇದ್ರೆ ಎಳೆದು ತೆಗೀಬಹುದಂತೆ."

ಅವಳ ಕಂಪ್ಯೂಟರಿಗೆ ಆ ಫೋಟೊ ಹಾಕಿ, ತೆರೆಯ ಮೇಲಿನ ಒಂದು ಗುಂಡಿಯನ್ನು ಬಲಕ್ಕೆ ಸರಿಸಿದರು. ಕಪ್ಪಿನೊಳಗಿಂದ ಕುರ್ಚಿ ಬಂತು, ಕುರ್ಚಿಯ ಮೇಲೆ ಬೆಕ್ಕು ಬಂತು, ಬೆಕ್ಕಿನ ಮೀಸೆ ಬಂತು. ಮಮತಾ ಚಪ್ಪಾಳೆ ತಟ್ಟಿದಳು. ನನಗೆ ಮಾಲೂರಿನ ಕಪ್ಪು ಫೋಟೊಗಳು ನೆನಪಾದವು. ಯಜಮಾನರು ಮೊದಲಿನಿಂದಲೂ ಪ್ರತಿ ಫೋಟೊಗೆ ಒಂದು ಸಣ್ಣ, ಒಂದು ದೊಡ್ಡ ಫೈಲು ಬರುವಂತೆಯೇ ಕ್ಯಾಮೆರಾ ಇಟ್ಟಿದ್ದರು. ಹಾಗಾದರೆ 'ಹಳೇ ಫ್ಲೆಕ್ಸ್' ಫೋಲ್ಡರಿನಲ್ಲಿ ಇವಳ ಅಪ್ಪ ಇದ್ದಾರೆ. ಅವರನ್ನು ಹೊರಗೆ ತರಬೇಕಾದರೆ, ಫ್ಲಾಶ್ ಕೈಕೊಡಲಿಲ್ಲ, ನಾನು ಸುಳ್ಳು ಹೇಳಿದೆ ಎಂದು ರತ್ನಳಿಗೆ ಹೇಳಬೇಕು.

ಎಲ್ಲೋ ಹಳೆಯ ಕಾರ್ಡಿನಲ್ಲಿ ಸಿಕ್ಕಿತು ಅಂದುಬಿಡಲೇ ಎಂದೂ ಯೋಚಿಸಿದೆ. ಸುಳ್ಳಿಗೆ ಇನ್ನೊಂದು ಸುಳ್ಳಿನ ತೇಪೆ. ಮೊದಲು ನಾಳೆಯ ಧಾರೆ ಮುಗಿಯಲಿ ಎಂದುಕೊಂಡೆ.

ಸಂಜೆ ಧಾರೆಗೆ ಹಾಲು ತರಲು ಅಂಗಡಿಗೆ ಹೋದೆವು. ಗೋಡೆಯುದ್ದಕ್ಕೂ ಹಾಲಿನ ಪೊಟ್ಟಣ, ಹತ್ತು ಹನ್ನೆರಡು ಬಗೆ. ಬೆಳಿಗ್ಗೆ ಸಂಜೆ ಡೇರಿಗೆ ಹಾಲು ಹಾಕುವ ರತ್ನಳಿಗೇ ತಲೆ ತಿರುಗಿತು. ಅಂಗಡಿಯ ಹುಡುಗಿಯನ್ನು ಹಿಡಿದು, "ಗಟ್ಟಿ ಹಾಲು ಯಾವ್ದಮ್ಮ?" ಎಂದಳು. ಉತ್ತರ ಬಾರದಿದ್ದಾಗ, "ಚಿಕ್ಕಟಿ ಪಾಲು, ಚಿಕ್ಕಟಿ" ಎಂದಳು. ಹುಡುಗಿ ಮೊಸರು ತಂದುಕೊಟ್ಟಳು.

ಮೂರನೆಯ ದಿನ: ಸೂರ್ಯನಿಲ್ಲದ ಅಭಿಜಿನ್ ಲಗ್ನ

ಮುಹೂರ್ತ ಇಟ್ಟವರು ಮುಳಬಾಗಿಲಿನ ನಮ್ಮ ಪುರೋಹಿತರು. ಹನ್ನೆರಡು ಗಂಟೆ ಹತ್ತು ನಿಮಿಷಕ್ಕೆ ಅಭಿಜಿನ್ ಲಗ್ನ, ಅದೂ ನಮ್ಮೂರ ಗಡಿಯಾರಕ್ಕೆ. ನಡುನೆತ್ತಿಗೆ ಸೂರ್ಯ ಬಂದಾಗ ಇಡುವ ಲಗ್ನ ಅದು. ಫಿನ್ಲೆಂಡಿನಲ್ಲಿ ಆಗ ಬೆಳಿಗ್ಗೆ ಎಂಟು ನಲವತ್ತು, ಸೂರ್ಯ ಇನ್ನೂ ಹುಟ್ಟಿರುವುದಿಲ್ಲ. ಮಮತಾ ಎರಡು ಗಂಟೆ ಮುಂದೆ ಹಾಕಿ ಎಂದು ಬೇಡಿಕೊಂಡಿದ್ದಳಂತೆ. "ಸೂರ್ಯ ಅಲ್ಲಿ ಲೇಟಾಗಿ ಏಳ್ತಾನೆ ಅಂತ ಪಂಚಾಂಗ ತಿದ್ದೋಕಾಗ್ತದಾ ತಾಯಿ?" ಎಂದರಂತೆ ಪುರೋಹಿತರು.

ಮೇಜಿನ ಮೇಲೆ ಲೋಟಕ್ಕೆ ಒರಗಿಸಿಟ್ಟ ಫೋನಿನಿಂದಲೇ ಮಂತ್ರ ನಡೆಯಿತು. ಗಾಲಿಕುರ್ಚಿಗಳು ಅರ್ಧ ಸುತ್ತು ಕಟ್ಟಿ ನಿಂತಿದ್ದವು. ಮಿಕ್ಕೊ ಪಂಚೆ ಜಾರೀತೆಂದು ಸೊಂಟಕ್ಕೆ ಬೆಲ್ಟ್ ಬಿಗಿದಿದ್ದ. ಕಿಟಕಿಯ ಹೊರಗೆ ತಿಳಿನೀಲಿ, ಒಳಗೆ ಎರಡು ಹಿತ್ತಾಳೆ ದೀಪ, ನಾಲ್ಕು ಹಳದಿ ಬಲ್ಬು.

ಧಾರೆಗೆ ಬಂದಾಗ ಪುರೋಹಿತರು, "ಕನ್ಯಾದಾನಕ್ಕೆ ದಂಪತಿ ಯಾರಮ್ಮಾ?" ಎಂದರು.

ರತ್ನ ನನ್ನ ಮುಖ ನೋಡಿದಳು. ಮಮತಾಳ ಅಕ್ಕ ಭಾವ, ಚಿಕ್ಕಪ್ಪ ಚಿಕ್ಕಮ್ಮ ಎಲ್ಲರೂ ವೀಸಾ ಸಿಗದೆ ಊರಲ್ಲೇ ಉಳಿದಿದ್ದರು. ಅವಳು ತಗ್ಗಿದ ದನಿಯಲ್ಲಿ, "ನಾನೊಬ್ಳೇ ಸಾಮಿ ಇರೋದು" ಎಂದಳು.

ಫೋನಿನಲ್ಲಿ ಪಂಚಾಂಗದ ಹಾಳೆ ಮಗುಚುವ ಸದ್ದು ಕೇಳಿತು. ಆಮೇಲೆ, "ಪರವಾಲೇದಮ್ಮಾ. ತಾಯಿ ಎರೆದ್ರೆ ಹಾಲೇನು ಬೇರೆ ಬಣ್ಣ ಆಗ್ತದಾ? ಎರೀರಿ, ಹೊತ್ತಾಗ್ತದೆ" ಎಂದರು.

ರತ್ನ ಚೊಂಬು ಎತ್ತಿದಳು. ಅವಳ ಕೈ ನಡುಗುತ್ತಿತ್ತು. ಎಯ್ನೊ ನನ್ನ ಹಿಂದೆ ಕೂತಿದ್ದರು, ಆದರೆ ಆ ಹೊತ್ತಿನಲ್ಲಿ ಯಾರನ್ನು ಕೇಳುವುದು? ಶಟರು 60ಕ್ಕೆ, ಅಂದರೆ ಸೆಕೆಂಡಿನ ಅರವತ್ತರಲ್ಲೊಂದು ಪಾಲಿಗೆ ಇಟ್ಟರೆ ಬೆಳಕು ಸಾಕು, ಆದರೆ ನಡುಗುವ ಕೈ ಕಲಸಿಹೋಗುತ್ತದೆ. 125ಕ್ಕೆ ಇಟ್ಟರೆ ಕೈ ನಿಲ್ಲುತ್ತದೆ, ಬೆಳಕು ಸಾಲದು. ಕಿಟಕಿಯನ್ನು 2ಕ್ಕೆ ತೆರೆದೆ. ಇನ್ನೂ ತೆರೆದರೆ ತೆಂಗಿನಕಾಯಿ ಮಾತ್ರ ಸ್ಪಷ್ಟ, ಮುಖಗಳು ಮಸುಕಾಗುತ್ತಿದ್ದವು. ಉಳಿದಿದ್ದು ಐಎಸ್‌ಒ. ಚುಕ್ಕೆ ಬಿದ್ದರೆ ಬೀಳಲಿ ಎಂದು 3200ಕ್ಕೆ ಏರಿಸಿದೆ. ಯಾರೂ ಹೇಳಿಕೊಡದೆ, ಟೇಪು ನೋಡದೆ, ನಾನೇ ಆರಿಸಿದ ಮೊದಲ ಮೂರು ಸಂಖ್ಯೆ ಅವು: 125, 2, 3200. ಹಾಲು ಬಿತ್ತು. ಒತ್ತಿದೆ. ಮತ್ತೆ ಒತ್ತಿದೆ. ಚೊಂಬು ಖಾಲಿಯಾಗುವವರೆಗೂ ಒತ್ತುತ್ತಲೇ ಇದ್ದೆ.

ನೋಡಲು ಧೈರ್ಯ ಬರಲಿಲ್ಲ. ಎಯ್ನೊ ಕೈಚಾಚಿ ಕ್ಯಾಮೆರಾ ಇಸಿದುಕೊಂಡು ಒಂದೊಂದೇ ನೋಡಿದರು. ಒಂದರ ಮೇಲೆ ನಿಲ್ಲಿಸಿ ನನ್ನ ಕಡೆ ತಿರುಗಿಸಿದರು. ರತ್ನಳ ಕೈ, ಚೊಂಬಿನ ಬಾಯಿ, ಬೀಳುತ್ತಿರುವ ಹಾಲು, ಅದರ ಕೆಳಗೆ ಕಾಯಿ ಹಿಡಿದ ನಾಲ್ಕು ಕೈ, ಮಮತಾಳ ಬಾಗಿದ ಮುಖ. ಸ್ವಲ್ಪ ಚುಕ್ಕೆ ಇತ್ತು. ಇರಲಿ. ಎಲ್ಲವೂ ಇತ್ತು. ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಪಕ್ಕದ ಗಾಲಿಕುರ್ಚಿಯ ಅಜ್ಜಿ ನನಗೇನೋ ಆಗಿದೆಯೆಂದು ತಮ್ಮ ಕಾಫಿಯನ್ನೇ ನನಗೆ ಕುಡಿಸಿದರು.

ನಾಲ್ಕನೆಯ ದಿನ: ಕೆರೆಯ ಮೇಲೆ

ಊರಿನ ಪಕ್ಕದಲ್ಲೇ ದೊಡ್ಡ ಕೆರೆ. ಹೆಪ್ಪುಗಟ್ಟಿ ಕಲ್ಲಾಗಿದೆ. ಅದರ ಮೇಲೆ ಜನ ನಾಯಿ ಹಿಡಿದು ಓಡಾಡುತ್ತಾರೆ, ಕೆಲವರು ತೂತು ಕೊರೆದು ಮೀನಿಗೆ ಕಾಯುತ್ತಾ ಕೂತಿರುತ್ತಾರೆ. ನಮ್ಮ ಜಿಲ್ಲೆಯಲ್ಲೂ ಎಷ್ಟೋ ವರ್ಷ ಕೆರೆಯ ನಡುವೆಯೇ ನಡೆದು ಆಚೆ ಊರಿಗೆ ಹೋಗುತ್ತಿದ್ದೆವು, ಅಲ್ಲಿ ನೀರೇ ಇರಲಿಲ್ಲ. ರತ್ನ ಮಾತ್ರ ದಡ ಬಿಟ್ಟು ಕದಲಲಿಲ್ಲ. "ನಾನ್ ಕಾಲಿಡಲ್ಲಪ್ಪ. ನೀರಿನ ಮೇಲೆ ನಡೆಯೋಕೆ ನಾನೇನು ದೇವ್ರಾ?" ಎಂದಳು.

ಅಲ್ಲೇ ಹೇಳಿದೆ. ಚಕ್ರ ತಿರುಗಿದ್ದು, ನನಗೆ ಅದು ತಿಳಿಯದೇ ಹೋದದ್ದು, ಫ್ಲಾಶ್ ಸರಿಯಾಗಿಯೇ ಇದ್ದದ್ದು. ಫೋಟೊ ಬರಲೇ ಇಲ್ಲವೆಂದು ಹೇಳಿದ್ದು ಸುಳ್ಳು ಎಂದೆ. ಕಪ್ಪಗೆ ಬಂದಿದ್ದವು, ಬಚ್ಚಿಟ್ಟೆ ಎಂದೆ.

ಅವಳು ನನ್ನನ್ನು ನೋಡಿದಳು. ತಿರುಗಿ, ಆ ಮಂಜುಗಡ್ಡೆಯ ಮೇಲೆ ದಡದಡ ನಡೆದು ಹೊರಟೇಬಿಟ್ಟಳು. ನಾನು ಕೂಗಿದೆ, ತಿರುಗಲಿಲ್ಲ. ಸೀರೆಯ ನೆರಿಗೆ ಎತ್ತಿ ಹಿಡಿದು, ಮೀನು ಹಿಡಿಯುವವರನ್ನೂ ದಾಟಿ ಹೋದಳು. ಅಲ್ಲಿ ನಡುವಿನಲ್ಲಿ ಒಬ್ಬಳೇ ಬಹಳ ಹೊತ್ತು ನಿಂತಳು. ಹಿಂದೆ ಹೋಗಲು ನನಗೆ ಮುಖವಿರಲಿಲ್ಲ. ಚಳಿಗೆ ನನ್ನ ಮೂಗು ಮರಗಟ್ಟಿತು.

ಆಮೇಲೆ ಅವಳು ಕೆಳಗೆ ನೋಡಿಕೊಂಡಳು. "ಲೇ ಶಾರ್ದಿ, ಇದರ ಕೆಳಗೆ ನೀರೈತಾ?" ಎಂದು ಅಲ್ಲಿಂದಲೇ ಕೂಗಿದಳು.

"ಐತೆ ಕಣೇ!"

"ಬಾರೇ, ಕೈ ಹಿಡ್ಕೊಳೇ, ಮುಂಡೇದೇ!"

ಓಡಿದೆ, ಜಾರಿದೆ, ಎದ್ದೆ, ಹೋಗಿ ಕೈ ಹಿಡಿದೆ. ಇಬ್ಬರೂ ಹೆಜ್ಜೆ ಹೆಜ್ಜೆಗೆ ತಡವರಿಸುತ್ತಾ ದಡಕ್ಕೆ ಬಂದೆವು. ಅವಳ ಕೆನ್ನೆ ಒದ್ದೆಯಾಗಿತ್ತು.

"ಹೇಳಿದ್ರೆ ನಾನೇನು ನಿನ್ನ ನೇಣಿಗೆ ಹಾಕ್ತಿದ್ನಾ?" ಎಂದಳು. "ಹನ್ನೊಂದ್ ವರ್ಷ ನನ್ ಮನೇಲಿ ಉಂಡು, ನನ್ ಪಕ್ಕ ಮಲಗಿ, ಒಂದ್ ಮಾತು ಹೇಳ್ಬಾರ್ದಾಗಿತ್ತಾ?"

ತಪ್ಪಾಯಿತು ಎಂದೆ. ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು.

"ಆ ಕಪ್ಪು ಫೋಟೊ ಬಿಸಾಕ್ದಾ?"

"ಇಲ್ಲ, ಐತೆ. ಕಂಪ್ಯೂಟರಲ್ಲಿ ಎಳೆದ್ರೆ ನಿಮ್ಮ ಯಜಮಾನ್ರು ಕಾಣ್ಬೋದು ಕಣೇ."

"ಹಂಗಾದ್ರೆ ನಡಿ, ಊರಿಗೆ ಹೋಗಣ."

ವಾಪಸು ಬರುವಾಗ ಎಯ್ನೊ ಅವರಿಗೆ ಏನು ಕೊಡುವುದೆಂದು ತೋಚದೆ ಕ್ಯಾಮೆರಾದ ಟೇಪು ಕಿತ್ತು ಅವರ ಅಂಗೈಗೆ ಅಂಟಿಸಿದೆ. ಅವರು ಅದನ್ನು ತಮ್ಮ ನಡಿಗೆಯ ಗಾಡಿಗೆ ಹಚ್ಚಿಕೊಂಡು, ಹುಷಾರಾಗಿ ಹೋಗಿ ಎಂದು ಕೈ ಬೀಸಿದರು. ವಿಮಾನದಲ್ಲಿ ರತ್ನ ದುಬೈವರೆಗೆ ನನ್ನೊಂದಿಗೆ ಮಾತು ಬಿಟ್ಟಿದ್ದಳು. ಅಲ್ಲಿಂದಾಚೆಗೆ ಅವಳ ಸೀಟು ಬೆಲ್ಟು ಬಿಗಿಯಲು ಬಾರದೆ ಮತ್ತೆ ಮಾತಾಡಿದಳು.

ಮತ್ತೆ ಶ್ರೀನಿವಾಸಪುರ

ಮನೆಗೂ ಹೋಗಲಿಲ್ಲ. ಪೆಟ್ಟಿಗೆಗಳ ಸಮೇತ ನೇರ ಸ್ಟುಡಿಯೊಗೆ ಬಂದೆವು. ಯಜಮಾನರಿಗೂ ಅಲ್ಲೇ ಎಲ್ಲ ಹೇಳಿದೆ. ಅವರು ನನ್ನನ್ನೊಮ್ಮೆ, ರತ್ನಳನ್ನೊಮ್ಮೆ ನೋಡಿ, "ನಾನಾದ್ರೂ ಆ ಚಕ್ರ ಯಾವುದಕ್ಕೆ ಅಂತ ಹೇಳಿಕೊಟ್ಟಿದ್ದಿದ್ರೆ ಆಗ್ತಿತ್ತು" ಎಂದು ಮೆಲ್ಲಗೆ ಹೇಳಿ ಕಂಪ್ಯೂಟರ್ ಮುಂದೆ ಕೂತರು.

ಫೋಲ್ಡರು ತೆರೆದೆವು. ಹನ್ನೊಂದು ಫೋಟೊ, ಹನ್ನೊಂದು ಕಪ್ಪು ಚೌಕ. ರತ್ನ ಮೂಗಿನ ತುದಿಯನ್ನು ತೆರೆಗೆ ತಾಗಿಸುವಷ್ಟು ಹತ್ತಿರ ಕೂತಳು. ದೊಡ್ಡ ಫೈಲು ತೆರೆದು ಯಜಮಾನರು ಗುಂಡಿಯನ್ನು ಬಲಕ್ಕೆ ಸರಿಸಿದರು. ಮೊದಲು ಬಾಳೆಕಂಬದ ಅಂಚೂ ಕಾಣಲಿಲ್ಲ, ಬರೀ ಚುಕ್ಕೆಗಳು ಬಂದವು. ಇನ್ನೂ ಸರಿಸಿದರು. ಬಿಳಿಯ ಒಂದು ಗೆರೆ ಕಂಡಿತು, ಅದು ಹಾಲು. ಹಾಲಿನ ಮೇಲೆ ಚೊಂಬು. ಚೊಂಬು ಹಿಡಿದ ಕೈ, ಮಡಿಸಿದ ತೋಳು, ಆಮೇಲೆ ನಿಧಾನವಾಗಿ, ಮಗಳ ಕಡೆ ಬಗ್ಗಿದ ನಾರಾಯಣಪ್ಪನವರ ಮುಖ. ತುಟಿ ಕಚ್ಚಿಕೊಂಡಿದ್ದರು. ಅಳು ತಡೆಯುತ್ತಿದ್ದರು ಎಂದು ನನಗೆ ಆ ದಿನ ಗೊತ್ತಾಗಿರಲಿಲ್ಲ.

ರತ್ನ ತೆರೆಯ ಮೇಲಿನ ಆ ಮುಖವನ್ನು ಬೆರಳಿನಿಂದ ಮುಟ್ಟಿದಳು. ನಾನು ಅವಳ ಬೆನ್ನ ಮೇಲೆ ಕೈಯಿಟ್ಟೆ, ಅವಳು ಅದನ್ನು ತಳ್ಳಲಿಲ್ಲ.

ಯಜಮಾನರ ಕೈ ನಿಲ್ಲಲಿಲ್ಲ. ನಮ್ಮ ಕಡೆ ಯಾವ ಸ್ಟುಡಿಯೊದವರಾದರೂ ಮುಖವೊಂದು ಸಿಕ್ಕರೆ ಅದನ್ನು ಎರಡು ಬಣ್ಣ ತಿಳಿ ಮಾಡದೆ ಬಿಡುವುದಿಲ್ಲ, ಗಿರಾಕಿಗಳೂ ಅದನ್ನೇ ಕೇಳುತ್ತಾರೆ. ಅವರು ಅಭ್ಯಾಸಬಲದಿಂದ ಗುಂಡಿಯನ್ನು ಇನ್ನೂ ಬಲಕ್ಕೆ ಎಳೆಯುತ್ತಾ ಹೋದರು. ನಾರಾಯಣಪ್ಪನವರ ಮುಖ ತಿಳಿಯಾಗುತ್ತಾ, ಬೆಳ್ಳಗಾಗುತ್ತಾ ಬಂತು.

"ಅಣ್ಣಾ, ಸಾಕು" ಎಂದಳು ರತ್ನ. "ಸ್ವಲ್ಪ ಹಿಂದಕ್ಕೆ ಹೋಗಿ. ಇನ್ನೂ ಸ್ವಲ್ಪ. ಹಾಂ, ಅಲ್ಲೇ ಬಿಡಿ. ನಮ್ಮೆಜಮಾನ್ರು ಇಷ್ಟೇ ಕಪ್ಪಿದ್ರು."